ಕುದಿಸಿದರೂ ಹೋಗದ್ದು

ನಮ್ಮ ಹಾಸ್ಟೆಲಿನಲ್ಲಿ ಜನರನ್ನು ಎರಡು ಪಂಗಡ ಮಾಡಬಹುದು. ಮರುವಾಯಿ ಪುಂಡಿ ಅಂದ ಕೂಡಲೇ ಬಾಯಲ್ಲಿ ನೀರು ಬರುವವರು ಒಂದು ಕಡೆ, "ಅಯ್ಯೋ ಅದನ್ನೂ ತಿಂತೀರಾ?" ಎಂದು ಮೂಗು ಮುರಿಯುವವರು ಇನ್ನೊಂದು ಕಡೆ. ಹೆಸರಿನಲ್ಲೂ ಒಗ್ಗಟ್ಟಿಲ್ಲ. ಮಂಗಳೂರು ಕಡೆಯವರಿಗೆ ಅದು ಮರುವಾಯಿ, ಕಾರವಾರದ ಕೊಂಕಣಿಯವರಿಗೆ ತಿಸ್ರೆ, ಕುಮಟಾದವರಿಗೆ ಬಳಚು. ಬಂಡೆಗೆ ಅಂಟಿಕೊಂಡು ಬೆಳೆಯುವ ಅದರ ನೆಂಟ ಇಲ್ಲಿ ಪಚ್ಚಿಲೆ, ಉತ್ತರ ಕನ್ನಡದಲ್ಲಿ ನೀಲಿಕಲ್ಲು. ಬೆಂಗಳೂರು, ಕಲಬುರಗಿ ಕಡೆಯಿಂದ ಬಂದವರಿಗೆ ಎಲ್ಲಾ ಒಂದೇ, ಚಿಪ್ಪು.

ನಾವು ಐದು ಜನ, ನಾಲ್ಕು ಬ್ರಾಂಚಿನವರು. ಎರಡೂ ಪಂಗಡದವರು ನಮ್ಮಲ್ಲಿದ್ದೇವೆ. ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಸಿಕ್ಕಿದ್ದು ಎಲ್ಲರೂ ಹೇಳುವ ಒಂದು ಮಾತು: "ಚೆನ್ನಾಗಿ ಕುದಿಸಿದ್ರೆ ಆಯ್ತು, ಎಲ್ಲಾ ಸಾಯುತ್ತೆ." ಅರ್ಧ ನಿಜ. ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ಕ್ಯಾಡ್ಮಿಯಂ ಸಾಯಲು ಅದು ಬದುಕಿದ್ದರೆ ತಾನೇ? ಸೀಸ, ಪಾದರಸ, ಕ್ಯಾಡ್ಮಿಯಂ ಇವೆಲ್ಲ ಮೂಲಧಾತುಗಳು. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲೇ ಓದಿದ್ದೇವೆ, ಬೆಂಕಿಯಿಂದ ಮೂಲಧಾತು ನಾಶವಾಗುವುದಿಲ್ಲ. ಕ್ಯಾಡ್ಮಿಯಂ ಕರಗಲಿಕ್ಕೇ 321 ಡಿಗ್ರಿ ಬೇಕು, ನಮ್ಮ ಮಸಾಲೆ ಕುದಿಯುವುದು 100ರ ಆಸುಪಾಸಿನಲ್ಲಿ. ಇನ್ನೊಂದು ತಮಾಷೆ ಕೇಳಿ. ಬೇಯಿಸಿದಾಗ ಮಾಂಸ ನೀರು ಬಿಟ್ಟು ಕುಗ್ಗುತ್ತದೆ. 100 ಗ್ರಾಂ ಹಸಿ ಮಾಂಸ ಬೆಂದು 60 ಗ್ರಾಂ ಆಯಿತು ಎನ್ನಿ. ಲೋಹ ಅಲ್ಲೇ ಉಳಿದಿದ್ದರೆ, ಗ್ರಾಂ ಲೆಕ್ಕದಲ್ಲಿ ಅದರ ಸಾಂದ್ರತೆ ಹೆಚ್ಚಾಯಿತೇ ಹೊರತು ಕಡಿಮೆ ಆಗಲಿಲ್ಲ. ಸ್ವಲ್ಪ ಭಾಗ ಬೇಯಿಸಿದ ನೀರಿಗೆ ಇಳಿಯುತ್ತದೆ, ನಿಜ. ಆದರೆ ಆ ನೀರನ್ನು ಚೆಲ್ಲುವವರು ಯಾರು? "ರುಚಿ ಇರೋದೇ ಅದ್ರಲ್ಲಿ" ಎಂದು ಅದನ್ನೂ ಸಾರಿಗೆ ಸುರಿಯುವವರೇ ನಾವೆಲ್ಲ.

ಮೀನಿಗಿಂತ ಚಿಪ್ಪಿಗೇ ಯಾಕೆ ಈ ತೊಂದರೆ? ಮೀನು ಈಜಿ ಬೇರೆ ಕಡೆ ಹೋಗಬಹುದು. ಬಳಚು ಕೆಸರಿನಲ್ಲಿ ಹೂತು ಕೂತಿರುತ್ತದೆ, ನೀಲಿಕಲ್ಲು ಬಂಡೆ ಬಿಟ್ಟು ಕದಲುವುದಿಲ್ಲ. ಎರಡೂ ತಿನ್ನುವುದು ನೀರು ಸೋಸಿ. ಬೆಳೆದ ಒಂದು ನೀಲಿಕಲ್ಲು ಗಂಟೆಗೆ ಒಂದೆರಡು ಲೀಟರ್ ನೀರನ್ನು ತನ್ನ ಕಿವಿರುಗಳ ಮೂಲಕ ಹಾಯಿಸುತ್ತದೆ. ಮೆಕ್ಯಾನಿಕಲ್‌ನವರ ಭಾಷೆಯಲ್ಲಿ ಹೇಳುವುದಾದರೆ, ದಿನವಿಡೀ ಓಡುವ ಪಂಪು ಮತ್ತು ಫಿಲ್ಟರ್, ಎರಡೂ ಒಂದರಲ್ಲೇ. ವ್ಯತ್ಯಾಸ ಇಷ್ಟೇ, ಈ ಫಿಲ್ಟರನ್ನು ಬದಲಾಯಿಸುವವರಿಲ್ಲ, ಸಿಕ್ಕಿಕೊಂಡದ್ದು ಒಳಗೇ ಸೇರುತ್ತದೆ. ಮೆಟಾಲೋಥಯೊನೀನ್ ಎಂಬ ಪ್ರೋಟೀನು ಕ್ಯಾಡ್ಮಿಯಂ, ತಾಮ್ರ, ಸತುವನ್ನು ಹಿಡಿದು ಕಟ್ಟಿಹಾಕುತ್ತದೆ. ಅದು ಚಿಪ್ಪಿಗೆ ರಕ್ಷಣೆ, ತಿನ್ನುವವರಿಗೆ ಲೋಹದ ಗಂಟು. ನೀರಿನಲ್ಲಿ ಉಪಕರಣಕ್ಕೂ ಸರಿಯಾಗಿ ಸಿಗದಷ್ಟು ಕಡಿಮೆ ಇರುವ ಲೋಹ ಚಿಪ್ಪಿನ ಮಾಂಸದಲ್ಲಿ ಸಾವಿರಾರು ಪಟ್ಟು ಸೇರಿರಬಹುದು. ಇದೇ ಗುಣ ನೋಡಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಒಂದು ಸರಳ ಸಲಹೆ ಕೊಟ್ಟರು: ಸಮುದ್ರದ ಕೊಳಕು ಅಳೆಯಬೇಕೇ? ನೀರನ್ನು ಬಿಡಿ, ಚಿಪ್ಪನ್ನು ಕೇಳಿ. 'ಮಸೆಲ್ ವಾಚ್' ಎಂಬ ಹೆಸರಿನಲ್ಲಿ ಅದು ಹಲವು ದೇಶಗಳಿಗೆ ಹರಡಿತು.

ಈಗ ಹಡಗಿನ ಮಾತು. ಬೀಚಿನಲ್ಲಿ ಸಂಜೆ ಕೂತರೆ ಪಣಂಬೂರಿನ ಸರದಿಗೆ ಕಾಯುತ್ತಾ ಲಂಗರು ಹಾಕಿದ ಹಡಗುಗಳು ಕಾಣುತ್ತವಲ್ಲ, ಫೋಟೋಗೆ ಚಂದ. ಅವುಗಳ ಅಡಿಭಾಗದ ಬಣ್ಣ ಬರೀ ಬಣ್ಣ ಅಲ್ಲ, ನಿಧಾನಕ್ಕೆ ಬಿಡುಗಡೆಯಾಗುವ ವಿಷ. ಹಡಗಿನ ತಳಕ್ಕೆ ಬಾರ್ನಕಲ್, ಪಾಚಿ, ಚಿಪ್ಪು ಅಂಟಿದರೆ ನೀರಿನ ಪ್ರತಿರೋಧ ಏರುತ್ತದೆ, ಇಂಧನ ಹೆಚ್ಚು ಸುಡುತ್ತದೆ. ಅದನ್ನು ತಡೆಯಲು 1960ರ ದಶಕದಿಂದ ಟಿಬಿಟಿ ಎಂಬ ತವರದ ಸಂಯುಕ್ತ ಸೇರಿಸಿದ ಬಣ್ಣ ಬಳಕೆಗೆ ಬಂತು. ಎಂಜಿನಿಯರಿಂಗ್ ದೃಷ್ಟಿಯಿಂದ ನೋಡಿದರೆ ಸೂಪರ್ ಹಿಟ್. ಒಮ್ಮೆ ಬಳಿದರೆ ವರ್ಷಗಟ್ಟಲೆ ತಳ ಸ್ವಚ್ಛ, ಡೀಸೆಲ್ ಉಳಿತಾಯ, ಹೊಗೆಯೂ ಕಡಿಮೆ.

ಆದರೆ 1970ರ ದಶಕದ ಕೊನೆಗೆ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿ ಬೆಳೆಯುವವರು ಕಂಗಾಲಾದರು. ಸಿಂಪಿಯ ಮರಿಗಳೇ ನಿಲ್ಲುತ್ತಿಲ್ಲ, ಉಳಿದವುಗಳ ಚಿಪ್ಪು ದಪ್ಪವಾಗಿ ವಿಕಾರವಾಗುತ್ತಿದೆ. ಅಲ್ಲಿ ಕಟ್ಟಿದ್ದ ದೋಣಿಗಳ ಬಣ್ಣವೇ ಕಾರಣ ಎಂದು ಗೊತ್ತಾಗಿ 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಟಿಬಿಟಿ ನಿಷೇಧಿಸಿತು. ಇಂಗ್ಲೆಂಡಿನ ಕರಾವಳಿಯಲ್ಲಿ ಹೆಣ್ಣು ಸಮುದ್ರ ಬಸವನಹುಳುಗಳಿಗೆ ಗಂಡಿನ ಅಂಗ ಬೆಳೆಯುತ್ತಿದ್ದುದಕ್ಕೂ ಇದೇ ಮೂಲ. ಎಷ್ಟು ಸಾಕು ಅದಕ್ಕೆ? ಲೀಟರಿಗೆ ಒಂದು ನ್ಯಾನೋಗ್ರಾಂ ಆಸುಪಾಸು. ಒಲಿಂಪಿಕ್ ಈಜುಕೊಳದಲ್ಲಿ 25 ಲಕ್ಷ ಲೀಟರ್ ನೀರು ಎಂದುಕೊಂಡರೆ, ಇಡೀ ಕೊಳಕ್ಕೆ ಎರಡೂವರೆ ಮಿಲಿಗ್ರಾಂ. ಕೆಲವೇ ಸಕ್ಕರೆ ಹರಳಿನಷ್ಟು! ಅಂತರರಾಷ್ಟ್ರೀಯ ಕಡಲ ಸಂಸ್ಥೆ ಅದನ್ನು ನಿಷೇಧಿಸುವ ಒಪ್ಪಂದ ಮಾಡಿದ್ದು 2001ರಲ್ಲಿ, ಜಾರಿಗೆ ಬಂದದ್ದು 2008ರಲ್ಲಿ. ಸಿಂಪಿಯವರು ಕೂಗಿದ್ದಕ್ಕೂ ಕಾನೂನಿಗೂ ನಡುವೆ ಹೆಚ್ಚುಕಡಿಮೆ ಮೂವತ್ತು ವರ್ಷ. ಬಂದರಿನ ತಳದ ಹೂಳಿನಲ್ಲಿ ಕೂತ ಟಿಬಿಟಿ ವರ್ಷಗಟ್ಟಲೆ ಹಾಗೇ ಇರುತ್ತದೆ, ಡ್ರೆಜ್ಜಿಂಗ್ ಮಾಡಿ ಕದಡಿದಾಗ ಮತ್ತೆ ನೀರಿಗೆ ಬರುತ್ತದೆ. ಅದರ ಜಾಗಕ್ಕೆ ಈಗ ಹೆಚ್ಚಾಗಿ ತಾಮ್ರದ ಬಣ್ಣ ಬಂದಿದೆ. ಟಿಬಿಟಿಯಷ್ಟು ಕ್ರೂರ ಅಲ್ಲ, ಆದರೆ ತಾಮ್ರವೂ ನೀರಿಗೇ ಇಳಿಯುವುದು. ತಳ ತುಕ್ಕು ಹಿಡಿಯದಂತೆ ಕಟ್ಟುವ ಸತುವಿನ ಗಟ್ಟಿಗಳೂ ಕರಗುವುದೇ ಅವುಗಳ ಕೆಲಸ.

ಗಾಳಿಯನ್ನು ಉಳಿಸಲು ಹೋಗಿ ನೀರಿಗೆ ಕೊಟ್ಟ ಕಥೆ ಇನ್ನೊಂದಿದೆ. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ 3.5ರಿಂದ ಶೇ 0.5ಕ್ಕೆ ಇಳಿಯಿತು. ದುಬಾರಿ ಇಂಧನ ಕೊಳ್ಳುವ ಬದಲು ಹಲವು ಹಡಗುಗಳು ಸ್ಕ್ರಬ್ಬರ್ ಹಾಕಿಸಿಕೊಂಡವು. ಅಂದರೆ ಹೊಗೆಯನ್ನು ಸಮುದ್ರದ ನೀರಿನಲ್ಲಿ ತೊಳೆಯುವುದು. 'ಓಪನ್ ಲೂಪ್' ಮಾದರಿಯಲ್ಲಿ ಆ ತೊಳೆದ ನೀರು ಸೀದಾ ಸಮುದ್ರಕ್ಕೆ, ಜತೆಗೆ ವನೇಡಿಯಂ, ನಿಕ್ಕಲ್, ಸುಟ್ಟ ಎಣ್ಣೆಯ ಅಂಶಗಳು. ನಿಯಮ ಪಾಲಿಸಿದಂತೆಯೂ ಆಯಿತು, ಕಸ ಚೆಲ್ಲಿದಂತೆಯೂ ಆಯಿತು. ಸಿಂಗಾಪುರ ತನ್ನ ಬಂದರಿನ ನೀರಿನಲ್ಲಿ ಇದನ್ನು ಆ ದಿನದಿಂದಲೇ ನಿಲ್ಲಿಸಿತು.

ಇನ್ನು ಎಂಜಿನ್ ಕೋಣೆಯ ತಳದಲ್ಲಿ ಸೇರುವ ಎಣ್ಣೆ ಮಿಶ್ರಿತ ನೀರು. ಮಾರ್ಪಾಲ್ ಒಪ್ಪಂದದ ಪ್ರಕಾರ ಅದನ್ನು ಬೇರ್ಪಡಿಸಿ, ಎಣ್ಣೆ 15 ಪಿಪಿಎಂ ಮೀರದಂತೆ ಮಾತ್ರ ಹೊರಬಿಡಬೇಕು. ಆದರೆ ಬೇರ್ಪಡಿಸಲು ಖರ್ಚು, ಸಮಯ ಎರಡೂ ಬೇಕಲ್ಲ, ಹಾಗಾಗಿ ಕೆಲವರು ಯಂತ್ರವನ್ನು ಬಳಸಿಕೊಂಡು ಹೋಗುವ ಕಳ್ಳ ಪೈಪ್ ಹಾಕುತ್ತಾರೆ. ಅದಕ್ಕೆ 'ಮ್ಯಾಜಿಕ್ ಪೈಪ್' ಎಂಬ ಅಡ್ಡಹೆಸರು. 2013ರ ಆಗಸ್ಟಿನಲ್ಲಿ 'ಕೆರಿಬಿಯನ್ ಪ್ರಿನ್ಸೆಸ್' ಎಂಬ ಪ್ರವಾಸಿ ಹಡಗಿಗೆ ಹೊಸದಾಗಿ ಸೇರಿದ್ದ ಎಂಜಿನಿಯರ್ ಒಬ್ಬ ಇದನ್ನು ನೋಡಿ ಅಧಿಕಾರಿಗಳಿಗೆ ತಿಳಿಸಿದ, ಹಡಗು ಇಂಗ್ಲೆಂಡಿನ ಸೌತಾಂಪ್ಟನ್ ತಲುಪಿದಾಗ ಕೆಲಸ ಬಿಟ್ಟು ಇಳಿದ. 2016ರಲ್ಲಿ ಆ ಕಂಪನಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ನಮ್ಮ ಮೆಕ್ಯಾನಿಕಲ್ ಗೆಳೆಯರಲ್ಲಿ ಮರ್ಚೆಂಟ್ ನೇವಿ ಕನಸು ಕಾಣುವವರು ತುಂಬಾ ಜನ. ಆ ಹುಡುಗನ ಜಾಗದಲ್ಲಿ ನಾವಿದ್ದಿದ್ದರೆ? ಮೊದಲ ಕೆಲಸ, ಎಜುಕೇಶನ್ ಲೋನ್, ಸುತ್ತ ಸಮುದ್ರ, ಮೇಲಿನವರು "ಸುಮ್ನಿರು" ಎನ್ನುತ್ತಿದ್ದಾರೆ. ರಾತ್ರಿ ಇದರ ಬಗ್ಗೆ ಮಾತಾಡುತ್ತಾ ಕೂತಾಗ ನಮ್ಮಲ್ಲಿ ಯಾರೂ ತಟ್ಟನೆ ಉತ್ತರ ಕೊಡಲಿಲ್ಲ.

ನಮ್ಮ ಕಡಲು ಇದರಿಂದ ಹೊರಗಿಲ್ಲ. 2006ರ ಮೇ 30ರಂದು 'ಓಷನ್ ಸೆರಾಯ' ಎಂಬ ಹಡಗು ಕಾರವಾರದ ಬಳಿಯ ಬಂಡೆಗೆ ಸಿಕ್ಕಿ ಒಡೆಯಿತು, ಅದರಲ್ಲಿ ಸುಮಾರು 650 ಟನ್ ಇಂಧನ ತೈಲವಿತ್ತು. 2022ರ ಜೂನಿನಲ್ಲಿ ಉಕ್ಕಿನ ಸುರುಳಿ ಹೊತ್ತ 'ಪ್ರಿನ್ಸೆಸ್ ಮಿರಾಲ್' ಉಳ್ಳಾಲದ ಕಡಲಲ್ಲಿ ಮುಳುಗಿತು, 15 ಸಿಬ್ಬಂದಿಯನ್ನು ಕರಾವಳಿ ಕಾವಲು ಪಡೆ ಉಳಿಸಿತು. 2025ರ ಮೇ 25ರಂದು ಕೊಚ್ಚಿಯ ಹೊರಗೆ 'ಎಂಎಸ್‌ಸಿ ಎಲ್ಸಾ 3' 640 ಕಂಟೇನರ್ ಸಮೇತ ಮುಳುಗಿದಾಗ ಪ್ಲಾಸ್ಟಿಕ್ ಕಾಳುಗಳು ಕೇರಳದ ತೀರದುದ್ದಕ್ಕೂ ಬಂದು ಬಿದ್ದವು. ಅದಕ್ಕಿಂತ ವೇಗವಾಗಿ ಹರಡಿದ್ದು ಹೆದರಿಕೆ. ಮೀನು ತಿನ್ನಬಹುದೇ ಎಂಬ ಅನುಮಾನಕ್ಕೆ ಮೀನಿನ ಮಾರುಕಟ್ಟೆ ಏಟು ತಿಂದಿತು. ಹಡಗು ಯಾರದೋ, ಸರಕು ಯಾರದೋ, ನಷ್ಟ ಮಾತ್ರ ಬುಟ್ಟಿ ಹೊತ್ತವರದ್ದು.

ಹಾಗಂತ ಎಲ್ಲವನ್ನೂ ಹಡಗಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಊರಿನ ಚರಂಡಿ, ಕಾರ್ಖಾನೆಯ ನೀರು, ನಾವು ಎಸೆದ ಬ್ಯಾಟರಿ ಎಲ್ಲಾ ಹರಿದು ಸೇರುವುದು ಅಳಿವೆಗೇ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಬೆಳಕಿಗೆ ಬಂದ ಕಾಯಿಲೆಗೆ ಕಾರಣ ಹಡಗಲ್ಲ, ದಡದ ಮೇಲಿನ ರಾಸಾಯನಿಕ ಕಾರ್ಖಾನೆ ಬಿಟ್ಟ ಪಾದರಸ. ಅಲ್ಲಿಯ ಜನ ಮೀನು, ಚಿಪ್ಪು ತಿನ್ನುತ್ತಿದ್ದರು.

ಇಷ್ಟೆಲ್ಲ ಓದಿಕೊಂಡು ನಾವು ಹೊರಟಿದ್ದು ಅಘನಾಶಿನಿಗೆ. ನಮ್ಮ ಗುಂಪಿನ ಒಬ್ಬಳ ದೊಡ್ಡಮ್ಮನ ಮನೆ ಅಲ್ಲಿಯ ಅಳಿವೆಯ ದಡದಲ್ಲಿ. ದೊಡ್ಡ ಅಣೆಕಟ್ಟು ಕಟ್ಟಿಸಿಕೊಳ್ಳದೆ ಸಮುದ್ರ ಸೇರುವ ನದಿ ಅದು, ಆ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ಚಿಪ್ಪು ಹೆಕ್ಕಿ ಬದುಕುವವರು ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಎಂದು ಸಂಶೋಧಕರು ಒಮ್ಮೆ ಲೆಕ್ಕ ಹಾಕಿದ್ದರು. ತದಡಿಯಲ್ಲಿ ದೊಡ್ಡ ಬಂದರಿನ ಮಾತೂ ಅಲ್ಲಿ ಹೊಸದಲ್ಲ. ನಾವು ಹೋದಾಗ ನೀರು ಇಳಿದಿತ್ತು. ಸೊಂಟದ ಮಟ್ಟದ ನೀರಿನಲ್ಲಿ ಹೆಂಗಸರು ಕಾಲಿನಿಂದ ತಡಕುತ್ತಾ, ಬಗ್ಗಿ ಕೈಯಲ್ಲಿ ಹೆಕ್ಕುತ್ತಾ ಸಾಗುತ್ತಿದ್ದರು. ನಾವೂ ಇಳಿದೆವು. ಒಂದು ತಾಸಿಗೆ ನಾವು ಐದು ಜನ ಸೇರಿ ಹೆಕ್ಕಿದ್ದು ದೊಡ್ಡಮ್ಮ ಒಬ್ಬರೇ ಹೆಕ್ಕಿದ್ದರ ಕಾಲು ಭಾಗವೂ ಇಲ್ಲ.

ಬಂದ ಕೆಲಸ ಹೇಳಿದೆವು. ಇಷ್ಟು ಬಳಚನ್ನು ಲ್ಯಾಬಿಗೆ ಒಯ್ದು ಲೋಹ ಎಷ್ಟಿದೆ ನೋಡುತ್ತೇವೆ, ರಿಪೋರ್ಟ್ ಬರೆಯುತ್ತೇವೆ ಎಂದು. ದೊಡ್ಡಮ್ಮ ಬುಟ್ಟಿ ಕೆಳಗಿಟ್ಟು ಕೇಳಿದರು:

"ನೋಡ್ರಿ ತಮಾ. ಹೆಚ್ಚು ಬಂತು ಅಂತಾದ್ರೆ ಎಂತ ಮಾಡ್ತ್ರಿ? ಪೇಪರಲ್ಲಿ ಹಾಕ್ತ್ರಿ. ನಾಳೆ ಯಾರೂ ತಗಳ್ಳೂದಿಲ್ಲ. ಹಡಗ ನಿಲ್ತದ್ಯಾ? ಇಲ್ಲ. ನಿಲ್ಲೂದು ನನ್ನ ಬುಟ್ಟಿ."

ನಮ್ಮ ಬಳಿ ಪವರ್‌ಪಾಯಿಂಟ್ ಇತ್ತು, ಇದಕ್ಕೆ ಸ್ಲೈಡ್ ಇರಲಿಲ್ಲ.

ವಾಪಸ್ ಬಂದ ಮೇಲೆ ವಾರಗಟ್ಟಲೆ ನಮ್ಮ ನಡುವೆ ಜಗಳ. ಒಬ್ಬ ಹೇಳಿದ, ವಿಜ್ಞಾನಕ್ಕೆ ದಾಕ್ಷಿಣ್ಯ ಇಲ್ಲ, ಅಳೆಯಲೇಬೇಕು. ಇನ್ನೊಬ್ಬಳು ಹೇಳಿದಳು, ಒಂದು ಮಿನಿ ಪ್ರಾಜೆಕ್ಟಿನ ನಾಲ್ಕು ಮಾರ್ಕಿಗಾಗಿ ಒಂದು ಊರಿನ ಗಂಜಿಗೆ ಕಲ್ಲು ಹಾಕುವುದು ಯಾವ ವಿಜ್ಞಾನ? ಜಗಳ ನಿಂತದ್ದು ಲೆಕ್ಕ ಹಾಕಲು ಕೂತಾಗ. ನೀವೂ ಮಾಡಿ ನೋಡಿ, ಕ್ಯಾಲ್ಕುಲೇಟರ್ ಸಾಕು.

ಆಹಾರದ ಮೂಲಕ ಕ್ಯಾಡ್ಮಿಯಂ ಎಷ್ಟು ಸೇರಬಹುದು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒದ ಜಂಟಿ ತಜ್ಞ ಸಮಿತಿ 2010ರಲ್ಲಿ ಒಂದು ಮಿತಿ ಹಾಕಿತು: ದೇಹದ ಪ್ರತಿ ಕಿಲೋ ತೂಕಕ್ಕೆ ತಿಂಗಳಿಗೆ 25 ಮೈಕ್ರೋಗ್ರಾಂ. ತಿಂಗಳ ಲೆಕ್ಕ ಯಾಕೆಂದರೆ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಸೇರಿದರೆ ಹತ್ತಾರು ವರ್ಷ ಹೋಗುವುದಿಲ್ಲ, ಒಂದು ದಿನದ ಊಟ ಮುಖ್ಯವಲ್ಲ. 60 ಕಿಲೋ ತೂಕದವರಿಗೆ ತಿಂಗಳಿಗೆ 1.5 ಮಿಲಿಗ್ರಾಂ ಆಯಿತು. ಇನ್ನು ಆಹಾರದ ಅಂತರರಾಷ್ಟ್ರೀಯ ಮಾನದಂಡ ಕೋಡೆಕ್ಸ್ ಪ್ರಕಾರ ಸಮುದ್ರದ ಇಂಥ ಚಿಪ್ಪುಗಳಲ್ಲಿ ಕ್ಯಾಡ್ಮಿಯಂ ಕಿಲೋಗೆ 2 ಮಿಲಿಗ್ರಾಂ ಮೀರಬಾರದು. ಯುರೋಪಿನಲ್ಲಿ ಮಿತಿ ಇನ್ನೂ ಬಿಗಿ, 1 ಮಿಲಿಗ್ರಾಂ. ಸರಿಯಾಗಿ ಕೋಡೆಕ್ಸ್ ಮಿತಿಯ ಗೆರೆಯ ಮೇಲೇ ಇರುವ ಚಿಪ್ಪು ಎಂದುಕೊಳ್ಳಿ. ತಿಂಗಳಿಗೆ 750 ಗ್ರಾಂ ಮಾಂಸ ತಿಂದರೆ ನಮ್ಮ ಪಾಲು ಮುಗಿಯಿತು. ಒಂದು ಪ್ಲೇಟಿಗೆ 100 ಗ್ರಾಂ ಹಿಡಿದರೆ ಏಳೂವರೆ ಪ್ಲೇಟು. ಎರಡು ವಾರಕ್ಕೊಮ್ಮೆ ಹೋಟೆಲಿಗೆ ಹೋಗಿ ಸುಕ್ಕ ತಿನ್ನುವ ನಮಗೆ ಚಿಂತೆ ಬೇಕಿಲ್ಲ.

ಈಗ ಅದೇ ಲೆಕ್ಕವನ್ನು ದೊಡ್ಡಮ್ಮನ ಮನೆಗೆ ಒಯ್ಯಿರಿ. ಸೀಸನ್ನಿನಲ್ಲಿ ದಿನಾ ಬಳಚು, ಮಾರಿ ಉಳಿದದ್ದೇ ಸಾರು. ದಿನಕ್ಕೆ 100 ಗ್ರಾಂ ಎಂದರೆ ತಿಂಗಳಿಗೆ 3 ಕಿಲೋ. ತೂಕ 45 ಕಿಲೋ ಎಂದರೆ ಮಿತಿ 1.125 ಮಿಲಿಗ್ರಾಂ. ಭಾಗಿಸಿದರೆ ಬರುವುದು ಕಿಲೋಗೆ 0.375 ಮಿಲಿಗ್ರಾಂ. ಅಂದರೆ ಕೋಡೆಕ್ಸ್ ಮಿತಿಯ ಐದನೇ ಒಂದು ಭಾಗಕ್ಕಿಂತ ಕಡಿಮೆ. ಅನ್ನ, ತರಕಾರಿಯಿಂದ ಬರುವ ಕ್ಯಾಡ್ಮಿಯಂ ಇದಕ್ಕೆ ಸೇರಿಸಿಲ್ಲ. 'ಮಿತಿಯೊಳಗಿದೆ' ಎಂದು ಸರ್ಟಿಫಿಕೇಟ್ ಸಿಕ್ಕ ಬಳಚು ತಿಂಗಳಿಗೊಮ್ಮೆ ಕೊಳ್ಳುವವರಿಗೆ ಸುರಕ್ಷಿತ, ದಿನಾ ಹೆಕ್ಕುವವರಿಗೆ ಅಲ್ಲದಿರಬಹುದು. ನಮ್ಮ ಪ್ರಾಜೆಕ್ಟಿನ ಪ್ರಶ್ನೆ ಇಲ್ಲಿ ತಲೆಕೆಳಗಾಯಿತು. ಅಲ್ಲಿವರೆಗೆ ನಾವು ಕೇಳುತ್ತಿದ್ದದ್ದು ತಿನ್ನುವವರಿಗೆ ಅಪಾಯವೇ ಅಂತ. ಕೇಳಬೇಕಾದ್ದು, ಅಳತೆ ಯಾರಿಗಾಗಿ ಅಂತ.

ಗೈಡ್ ಬಳಿ ಹೋದಾಗ ಅವರು ಇನ್ನೊಂದು ತುದಿಯಿಂದ ಅದೇ ಮಾತಿಗೆ ಬಂದರು. "ಒಂದು ಬುಟ್ಟಿ ತಂದು ಒಂದು ನಂಬರ್ ತೆಗೆದ್ರೆ ಅದು ಸುದ್ದಿ ಆಗುತ್ತೆ, ಡೇಟಾ ಆಗಲ್ಲ" ಎಂದರು. ಮಳೆಗಾಲಕ್ಕೆ ಮೊದಲು, ನಂತರ, ಚಳಿಗಾಲದಲ್ಲಿ ಬೇರೆ ಬೇರೆ ಸಲ ತರಬೇಕು. ಒಂದೇ ಗಾತ್ರದ ಚಿಪ್ಪು ಬೇಕು. ಹಸಿ ಮಾಂಸ, ಬೇಯಿಸಿದ ಮಾಂಸ, ಬೇಯಿಸಿದ ನೀರು ಮೂರನ್ನೂ ಅಳೆಯಬೇಕು. ಪ್ರತಿ ಸಲ ಬ್ಲಾಂಕ್ ಓಡಿಸಬೇಕು. ಆಮೇಲೆ ಅವರು ಹೇಳಿದ್ದು ನಮ್ಮ ಜಗಳಕ್ಕೆ ಉತ್ತರವಾಯಿತು. ನಾಳೆ ಹಡಗು ಒಡೆದು ಎಣ್ಣೆ ಬಂದರೆ, ಅಥವಾ ಬಂದರು ಬಂದು ನೀರು ಕೆಟ್ಟರೆ, ಆ ಹೆಂಗಸರು ಪರಿಹಾರ ಕೇಳಬೇಕು. ಆಗ ಎದುರಿನ ವಕೀಲ ಕೇಳುವ ಮೊದಲ ಪ್ರಶ್ನೆ, "ಇದು ಮೊದಲೇ ಇರಲಿಲ್ಲ ಎನ್ನುವುದಕ್ಕೆ ಸಾಕ್ಷಿ ಏನು?" ಕೆಡುವ ಮೊದಲೇ ಅಳೆದಿಟ್ಟ ಅಂಕಿ ಇದ್ದರೆ ಅದು ಅವರ ಕೈಯಲ್ಲಿರುವ ದಾಖಲೆ.

ಅದನ್ನೇ ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಅಡ್ಡಿಲ್ಲ. ಆದ್ರೆ ನಂಬ್ರ ಬಂದ ಕೂಡ್ಲೆ ಮೊದ್ಲು ನಮ್ಗೆ ಹೇಳ್ಬೇಕು. ಕನ್ನಡದಲ್ಲಿ ಹೇಳ್ಬೇಕು. ನಿಮ್ಮ ಸರಿಗೆ ಆಮೇಲೆ" ಎಂದರು. ಪ್ರಾಜೆಕ್ಟ್ ಪ್ರಪೋಸಲ್ಲಿನಲ್ಲಿ ಈ ಷರತ್ತನ್ನು ಮೊದಲ ಪುಟದಲ್ಲೇ ಬರೆದು ಗೈಡ್ ಸಹಿ ತೆಗೆದುಕೊಂಡಿದ್ದೇವೆ.

ಅಲ್ಲಿವರೆಗೆ ತಿನ್ನುವವರಿಗೆ ನಾಲ್ಕು ಮಾತು. ಬಂದರು, ದೋಣಿ ರಿಪೇರಿ ಜಾಗ, ಚರಂಡಿ ಬಾಯಿ ಇವುಗಳ ಹತ್ತಿರ ಹೆಕ್ಕಿದ ಚಿಪ್ಪು ಬೇಡ. ಎಣ್ಣೆ ಸೋರಿದ ಸುದ್ದಿ ಬಂದರೆ ಸರ್ಕಾರದ ಪ್ರಕಟಣೆ ಬರುವವರೆಗೆ ಕಾಯಿರಿ. ರಾತ್ರಿಯಿಡೀ ಉಪ್ಪುನೀರಿನಲ್ಲಿ ಬಿಟ್ಟರೆ ಮರಳು ಹೋಗುತ್ತದೆ, ಲೋಹ ಹೋಗುತ್ತದೆ ಎಂದು ನಂಬಬೇಡಿ. ಅನುಮಾನದ ಜಾಗದ್ದಾದರೆ ಬೇಯಿಸಿದ ನೀರನ್ನು ಸಾರಿಗೆ ಹಾಕದೆ ಚೆಲ್ಲಿ, ರುಚಿ ಸ್ವಲ್ಪ ಕಮ್ಮಿಯಾದರೂ ಅಡ್ಡಿಯಿಲ್ಲ. ಗರ್ಭಿಣಿಯರು, ಚಿಕ್ಕ ಮಕ್ಕಳು ಇರುವ ಮನೆಯಲ್ಲಿ ಇನ್ನಷ್ಟು ಎಚ್ಚರ ಒಳ್ಳೆಯದು. ಉಳಿದಂತೆ ಮರುವಾಯಿ ಸುಕ್ಕ ಬಿಡಿ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಮ್ಮ ಗುಂಪೇ ಒಡೆದು ಹೋಗುತ್ತದೆ.

ಡಿಸೆಂಬರಿನ ಅಮಾವಾಸ್ಯೆಯ ಇಳಿತಕ್ಕೆ ಮೊದಲ ಮಾದರಿ ತರಲು ಹೋಗುತ್ತಿದ್ದೇವೆ. ಆ್ಯಸಿಡ್ ಡೈಜೆಶನ್ ಗೊತ್ತಿರುವ ಕೆಮಿಕಲ್‌ನವರು ಒಬ್ಬರು, ಡೇಟಾ ಜೋಡಿಸಲು ಕಂಪ್ಯೂಟರ್ ಸೈನ್ಸ್‌ನವರು ಒಬ್ಬರು ಬೇಕು. ಈಜು ಬರಬೇಕೆಂದಿಲ್ಲ, ಸೊಂಟದಷ್ಟೇ ನೀರು. ಬೆನ್ನು ಬಗ್ಗಿಸಲು ಬಂದರೆ ಸಾಕು.